ಒಂಬತ್ತನೇ ಮಹಡಿಯ ಬೋರ್ಡು

ಅಕ್ಟೋಬರ್ 12, ಭಾನುವಾರ

ಚೂರು ಜೋಡಿಸುವವರ ಸಂಘದಿಂದ ಈ ವರ್ಷದ ಸಮ್ಮೇಳನಕ್ಕೆ ಕರೆ ಬಂದಿದೆ. ಸಾವಿರ ಚೂರುಗಳ ಚಿತ್ರವನ್ನು ಕಣ್ಣು ಕೆಂಪಾಗುವವರೆಗೆ ಜೋಡಿಸಿ, ಎರಡು ನಿಮಿಷ ನೋಡಿ ಸಂತೋಷಪಟ್ಟು, ಮತ್ತೆ ಒಡೆದು ಡಬ್ಬಕ್ಕೆ ತುಂಬುವುದೇ ಹವ್ಯಾಸವಾದವರು ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತೇವೆ. ಇದನ್ನು ಕಾಲೇಜಿನ ಸಹೋದ್ಯೋಗಿಗಳಿಗೆ ವಿವರಿಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ತರ್ಕಶಾಸ್ತ್ರ ಕಲಿಸುವವನಿಗೆ ತರ್ಕವಿಲ್ಲದ ಚಟ ಒಂದಾದರೂ ಇರಲಿ ಎಂದು ಅವರೂ ಬಿಟ್ಟುಬಿಟ್ಟಿದ್ದಾರೆ.

ಸಂಘದ ಕಾರ್ಯದರ್ಶಿ ಮೇಡಂ ಫೋನ್ ಮಾಡಿದ್ದರು.

"ಈ ಸಲ ಆ ಹಳೇ ಲಾಡ್ಜು ಇಲ್ಲ ಕಣ್ರೀ. ಸ್ಟಾರ್ ಹೋಟೆಲು. ಯಾರೋ ಪುಣ್ಯಾತ್ಮರು ರಿಯಾಯಿತಿ ಕೊಡಿಸಿದಾರೆ."

"ಎಷ್ಟು ಸ್ಟಾರು ಮೇಡಂ?"

"ಬಂದು ತಲೆ ಎತ್ತಿ ಎಣಿಸ್ಕೊಳ್ಳಿ. ಜೋಡಿ ಸ್ಪರ್ಧೆಗೆ ಹೋದ ವರ್ಷದ ಹಾಗೇ ಬರ್ಕೊಳ್ಲಾ? ಆಕಾಶ ಮತ್ತು ಅಂಚು?"

ನಮ್ಮ ಸಂಘದಲ್ಲಿ ಯಾರಿಗೂ ಹೆಸರಿಲ್ಲ. ಚಿತ್ರದ ಯಾವ ಭಾಗದಲ್ಲಿ ಗಟ್ಟಿಗರೋ ಅದೇ ಹೆಸರು. ಒಂದೇ ನೀಲಿಯ ನೂರಾರು ಚೂರುಗಳ ಮುಂದೆ ತಾಳ್ಮೆ ಕೆಡದೆ ಕೂರಬಲ್ಲೆನಾದ್ದರಿಂದ ನಾನು ಆಕಾಶ. ನನ್ನ ಹೆಂಡತಿಯ ತಮ್ಮ ಅಂಚು. ಡಬ್ಬ ಸುರಿದದ್ದೇ ತಡ, ನೇರಗೆರೆಯ ಚೂರುಗಳನ್ನೆಲ್ಲ ಹೆಕ್ಕಿ ಚೌಕಟ್ಟು ಕಟ್ಟಿಬಿಡುತ್ತಾನೆ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಯಾವುದರ ಪಕ್ಕದಲ್ಲಿ ಯಾವುದು ಕೂರುತ್ತದೆ ಎನ್ನುವುದು ಅವನ ಬೆರಳಿಗೇ ಗೊತ್ತು.

'ನನ್ನ ಹೆಂಡತಿಯ ತಮ್ಮ' ಎಂದು ಬರೆದೆ. ಜೂನ್ ತಿಂಗಳಿಂದ ಅದರ ಮೊದಲ ಎರಡು ಪದಗಳು ಸುಳ್ಳು. ಆಧಾರವಾಕ್ಯ ಬಿದ್ದರೆ ತೀರ್ಮಾನವೂ ಬೀಳಬೇಕು ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಹಾಗಾದರೆ ಅವನು ಈಗ ನನಗೆ ಏನು? ಕೋರ್ಟಿನಲ್ಲಿ ಫ್ರಿಜ್ಜು ಅವಳಿಗೆ, ಪುಸ್ತಕದ ಕಪಾಟು ನನಗೆ, ಪಜಲ್ ಡಬ್ಬಗಳೆಲ್ಲ ನನಗೆ ಎಂದಾಯಿತು. ತಮ್ಮ ಯಾರ ಪಾಲಿಗೆ ಎಂದು ಯಾವ ವಕೀಲನೂ ಕೇಳಲಿಲ್ಲ. ಅವನು ಅಕ್ಕನ ಪಕ್ಕದ ಬೆಂಚಿನಲ್ಲಿ ಕುಳಿತು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಆವತ್ತಿನಿಂದ ಅವನು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

"ಬರ್ಕೊಳ್ಳಿ," ಅಂದೆ.

"ಶನಿವಾರ ಸಾಯಂಕಾಲದ ಚಹಾ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕ್ಬೇಕು. ಇಲ್ದಿದ್ರೆ ನಿಮ್ಮ ಮೇಜು ಬೇರೆಯವರಿಗೆ. ಆಮೇಲೆ ಬಂದು ನನ್ಹತ್ರ ತರ್ಕ ಮಾಡ್ಬಾರ್ದು."

ಒಂಟಿ ಸ್ಪರ್ಧೆಗೂ ಹೆಸರು ಕೊಟ್ಟಿಟ್ಟೆ. ಜಂಟಿಯಾಗದಿದ್ದರೆ ಒಂಟಿ. ಅವನು ಬಂದರೆಷ್ಟು, ಬಿಟ್ಟರೆಷ್ಟು. ನಾನು ಹೋಗುತ್ತಿರುವುದು ಹೋಟೆಲಿಗಾಗಿ.

ನವೆಂಬರ್ 2, ಭಾನುವಾರ

ಪೆಟ್ಟಿಗೆ ಕಟ್ಟಿದೆ. ಹಳೇ ಲಾಡ್ಜಿಗೆ ಹೋಗುವಾಗ ಸೊಳ್ಳೆಬತ್ತಿ, ಹಗ್ಗ, ಬಲ್ಬು, ಬಕೆಟ್ಟಿಗೊಂದು ಚೊಂಬು ಎಲ್ಲ ಒಯ್ಯುತ್ತಿದ್ದೆವು. ಈ ಸಲ ಅವು ಯಾವುವೂ ಬೇಡ. ಪೆಟ್ಟಿಗೆ ಅರ್ಧ ಖಾಲಿ ಉಳಿಯಿತು.

ಆ ಲಾಡ್ಜನ್ನು ಬೈಯದೆ ಒಂದು ಸಮ್ಮೇಳನವೂ ಮುಗಿದದ್ದಿಲ್ಲ. ಇಬ್ಬರಿಗೊಂದು ಕೋಣೆ, ಎರಡು ಕಬ್ಬಿಣದ ಮಂಚ, ಮೇಜೇ ಇಲ್ಲ. ಅಂಚು ಊರಿನಿಂದ ಒಂದು ಹಲಗೆ ಹೊತ್ತು ತರುತ್ತಿದ್ದ. ಅದನ್ನು ಎರಡು ಮಂಚಗಳ ನಡುವೆ ಅಡ್ಡ ಇಟ್ಟರೆ ಮೇಜಾಯಿತು. ಆಚೆ ಮಂಚದಲ್ಲಿ ಅವನು, ಈಚೆ ಮಂಚದಲ್ಲಿ ನಾನು. ಗೋಡೆ ಎಷ್ಟು ತೆಳುವೆಂದರೆ ನಾನು ಸೀನಿದರೆ ಪಕ್ಕದ ಕೋಣೆಯಿಂದ "ಶೀತ ಆಯ್ತಾ ಆಕಾಶ, ಮೋಡ ಜಾಸ್ತಿಯಾ?" ಎಂದು ಕೇಳುತ್ತಿದ್ದರು. ಬೆಳಿಗ್ಗೆ ಬಿಸಿನೀರಿಗೆ ಸಾಲು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಕೆಟ್ಟು ಹಿಡಿದು ಸಂಘದ ಸಮಸ್ತ ಗಣ್ಯರೂ ಅಲ್ಲಿ ನಿಂತಿರುತ್ತಿದ್ದರು. ಮಾತು ಶುರು ಮಾಡಲು ಅಲ್ಲಿ ಕಾರಣವೇ ಬೇಕಿರಲಿಲ್ಲ. ನೀರು ಬರುತ್ತಿರಲಿಲ್ಲ, ಅಷ್ಟು ಸಾಕಿತ್ತು.

ಸದ್ಯ, ಅದೆಲ್ಲ ತಪ್ಪಿತು.

ನವೆಂಬರ್ 6, ಗುರುವಾರ

ಬಂದಿಳಿದೆ. ಹೋಟೆಲು ಎಂದರೆ ಹೋಟೆಲು. ಬಾಗಿಲು ತಾನಾಗಿ ತೆರೆಯುತ್ತದೆ, ತಾನಾಗಿ ಮುಚ್ಚಿಕೊಳ್ಳುತ್ತದೆ, ಸದ್ದಿಲ್ಲ. ನೆಲದ ಮೇಲೆ ಎಂಥ ದಪ್ಪ ಕಾರ್ಪೆಟ್ಟು ಹಾಸಿದ್ದಾರೆಂದರೆ ನನ್ನ ಹೆಜ್ಜೆ ನನಗೇ ಕೇಳಿಸಲಿಲ್ಲ. ನಾನು ನಡೆಯುತ್ತಿದ್ದೇನೋ ಇಲ್ಲವೋ ಎಂದು ಒಂದೆರಡು ಸಲ ಬಗ್ಗಿ ನೋಡಿಕೊಂಡೆ.

ಸ್ವಾಗತದ ಮೇಜಿನ ಹುಡುಗಿ ನಗುತ್ತ ಒಂದು ಕಾರ್ಡು ಕೊಟ್ಟಳು. "ಒಂಬೈನೂರ ಏಳು, ಒಂಬತ್ತನೇ ಮಹಡಿ ಸಾರ್. ಲಿಫ್ಟಲ್ಲೂ ಇದೇ ಕಾರ್ಡ್ ಹಿಡೀಬೇಕು."

"ಬೇರೆ ಮಹಡಿಗೆ ಹೋಗ್ಬೇಕು ಅಂದ್ರೆ?"

"ನಿಮ್ಮ ಮಹಡಿಗೆ ಮಾತ್ರ ಹೋಗುತ್ತೆ ಸಾರ್. ನಿಮ್ಮ ಸುರಕ್ಷತೆಗೆ."

ಯಾರಿಂದ ನನಗೆ ಅಪಾಯ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಕಾಶ ಎಂಬ ಹೆಸರಿಗೆ ತಕ್ಕಂತೆ ಮೇಲೇ ಕಳಿಸಿದ್ದಾರೆ ಎಂದುಕೊಂಡೆ. ಹೇಳಿದರೆ ನಗುವವರು ಲಿಫ್ಟಿನಲ್ಲಿ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ಒಬ್ಬ ಇದ್ದ, ಅವನಿಗೆ ಈ ಜೋಕು ಆಗಲೇ ಗೊತ್ತಿತ್ತು.

ಕೋಣೆಯಲ್ಲಿ ಎಲ್ಲ ಇದೆ. ಮೇಜೊಂದು ಇಲ್ಲ. ಇದ್ದದ್ದು ತಟ್ಟೆಯಗಲದ ಗಾಜಿನ ಸ್ಟ್ಯಾಂಡು. ಅದರ ಮೇಲೆ ಹೂದಾನಿ. ಮಂಚವಂತೂ ಆಟದ ಮೈದಾನ. ಅಭ್ಯಾಸಕ್ಕೆಂದು ತಂದ ಡಬ್ಬವನ್ನು ಅದರ ಒಂದು ಮಗ್ಗುಲಿಗೆ ಸುರಿದೆ. ಸಮುದ್ರ ದಂಡೆ, ಮುಕ್ಕಾಲು ಪಾಲು ಬರೀ ನೀಲಿ. ಹಾಸಿಗೆಯ ಆ ಅರ್ಧಕ್ಕೆ ಇಷ್ಟು ತಿಂಗಳಾದ ಮೇಲೆ ಒಂದು ಉಪಯೋಗ ಸಿಕ್ಕಿತು.

ಅಂಚು ಬಂದಿದ್ದಾನೋ ಇಲ್ಲವೋ ಗೊತ್ತಿಲ್ಲ. ವಿಚಾರಿಸಲಿಲ್ಲ. ಕಿಟಕಿಯಿಂದ ಗೇಟು ಚೆನ್ನಾಗಿ ಕಾಣುತ್ತದೆ. ಟ್ಯಾಕ್ಸಿಗಳು ಬಂದು ಹೋಗುವುದನ್ನು ಸುಮ್ಮನೆ ನೋಡುತ್ತಿದ್ದೆ. ಅವನ ಹಲಗೆ ಟ್ಯಾಕ್ಸಿಯೊಳಗೆ ಹಿಡಿಸುವುದಿಲ್ಲ, ಕಿಟಕಿಯಿಂದ ಹೊರಗೆ ಚಾಚಿಕೊಂಡಿರುತ್ತದೆ.

ಫೋನ್ ಎತ್ತಿ ಕೆಳಗಿನವರಿಗೆ ಇನ್ನೊಂದು ದಿಂಬು ಬೇಕು ಅಂದೆ. ಆಗಲೇ ನಾಲ್ಕಿವೆ.

ನವೆಂಬರ್ 7, ಶುಕ್ರವಾರ

ಬಂದಿದ್ದಾನೆ.

ಬೆಳಗಿನ ತಿಂಡಿಯ ಹಾಲು ಒಂದು ಸಣ್ಣ ವಿಮಾನ ನಿಲ್ದಾಣದಷ್ಟಿದೆ. ಎಲ್ಲ ಮೇಜುಗಳೂ ಒಬ್ಬರಿಗೋ ಇಬ್ಬರಿಗೋ ಮಾಡಿದವು. ನಮ್ಮ ಸಂಘದವರು ಅಲ್ಲೊಬ್ಬರು ಇಲ್ಲೊಬ್ಬರು, ಡಬ್ಬದಿಂದ ಆಗ ತಾನೇ ಸುರಿದಂತೆ ಹರಡಿ ಕುಳಿತಿದ್ದರು. ದೂರದಿಂದಲೇ ಕೈ ಎತ್ತಿದರು, ಇಳಿಸಿದರು. ಅಷ್ಟೇ.

ನಾನು ಬ್ರೆಡ್ಡು ಸುಡುವ ಯಂತ್ರದ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಅವನು. ಇನ್ನಷ್ಟು ದಪ್ಪಗಾಗಿದ್ದಾನೆ. ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹಲ್ಲಿನ ಸೆಟ್ಟು ಸರಿಯಾಗಿ ಕೂರುತ್ತದೋ ಎಂದು ಪರೀಕ್ಷೆ ಮಾಡುವವನ ಹಾಗೆ.

"ಏನಿವ್ರೇ," ಅಂದ. "ಯಾವಾಗ ಬಂದ್ರಿ?"

ಇವರೇ. ಬಸ್ಸಿನಲ್ಲಿ ಪಕ್ಕದ ಸೀಟಿನವನನ್ನು ಸರಿದು ಕೂರಲು ಕೇಳುವಾಗ ಬಳಸುವ ಮಾತು. ಹದಿನಾರನೇ ವಯಸ್ಸಿನಿಂದ ನನ್ನನ್ನು ಇವನು ಭಾವ ಎಂದು ಕರೆದು, ಭಾವ ಎಂದು ಕಾಡಿ, ನನ್ನ ಬನಿಯನ್ನನ್ನೂ ಬಾಚಣಿಗೆಯನ್ನೂ ಭಾವ ಎಂಬ ಒಂದೇ ಹಕ್ಕಿನಿಂದ ಕದ್ದವನು. ಈಗ ಅಕ್ಷರ ಎಣಿಸಿ, ಸಂಬಂಧ ಸೋಂಕದ ಹಾಗೆ ಎತ್ತಿಟ್ಟು ಮಾತಾಡುತ್ತಿದ್ದಾನೆ. ತಪ್ಪೇನಿಲ್ಲ. ವ್ಯಾಕರಣಕ್ಕೂ ಕಾನೂನಿಗೂ ಸರಿಯಾಗಿಯೇ ಇದೆ.

"ನಿನ್ನೆ," ಅಂದೆ. ಬ್ರೆಡ್ಡು ಮೇಲಕ್ಕೆ ಹಾರಿತು. ಇಬ್ಬರೂ ಅದನ್ನೇ ನೋಡಿದೆವು.

ಅಷ್ಟರಲ್ಲಿ ಬಡಿಸುವವನು ಬಂದು ರೂಮ್ ನಂಬರ್ ಕೇಳಿದ. "ಒಂಬೈನೂರ ಏಳು," ಅಂದೆ. ಯಾಕೋ ಇಡೀ ಹಾಲು ತಿರುಗಿ ನೋಡುವಷ್ಟು ಜೋರಾಗಿ ಬಂತು. ಪಾಠ ಮಾಡಿ ಮಾಡಿ ಗಂಟಲು ಕೆಟ್ಟಿದೆ.

ಮಧ್ಯಾಹ್ನ 'ಮರದ ಚೂರು ಮೇಲೋ ರಟ್ಟಿನ ಚೂರು ಮೇಲೋ' ಎಂಬ ಚರ್ಚೆ ಮುಗಿಸಿ ಮೇಲೆ ಬಂದರೆ ಹಾಸಿಗೆಯ ಮೇಲೆ ನನ್ನ ಆಕಾಶವಿಲ್ಲ. ಹೊದಿಕೆ ಇಸ್ತ್ರಿ ಹಾಕಿದಂತೆ ನೆಟ್ಟಗಿದೆ. ದಿಂಬಿನ ಪಕ್ಕದಲ್ಲಿ ಡಬ್ಬ, ಮುಚ್ಚಳ ಭದ್ರ, ಮೇಲೊಂದು ಚಾಕೊಲೇಟು. ಒಳಗೆ ನಿನ್ನೆಯಿಂದ ಜೋಡಿಸಿದ್ದೆಲ್ಲ ಬಿಡಿಬಿಡಿ. ಒಂದು ಚೂರಿಗೂ ಇನ್ನೊಂದು ಅಂಟಿಕೊಂಡಿರಲಿಲ್ಲ. ಕೋರ್ಟಿನವರೂ ಇಷ್ಟು ಅಚ್ಚುಕಟ್ಟಾಗಿ ಬಿಡಿಸಿರಲಿಲ್ಲ.

ಕರೆದೆ. ಕೋಣೆ ಗುಡಿಸುವವ ಓಡಿ ಬಂದ. ಗರಿಗರಿ ಸಮವಸ್ತ್ರ, ಮೀಸೆಯೂ ಗರಿಗರಿ.

"ಇದನ್ನ ಯಾಕಪ್ಪಾ ಬಿಚ್ಚಿದೆ?"

"ಚೂರುಚೂರಾಗಿ ಬಿದ್ದಿತ್ತು ಸಾರ್. ಸೇರಿಸಿಟ್ಟೆ."

"ಸೇರಿಸಿದ್ದನ್ನ ಬಿಡಿಸಿದೀಯ."

"ಡಬ್ಬಕ್ಕೆ ಸೇರಿಸಿದೆ ಸಾರ್," ಎಂದ ನೋವಿನಿಂದ. "ಒಂದು ಚೂರು ಮಂಚದ ಕೆಳಗೆ ಹೋಗಿತ್ತು. ಮಲಗಿ ಕೈ ಹಾಕಿ ತೆಗೆದಿದೀನಿ."

ಇಂಥ ಒಳ್ಳೆಯತನದ ಮುಂದೆ ಜಗಳ ಹೇಗೆ ಆಡುವುದು? ಲಾಡ್ಜಿನಲ್ಲಾದರೆ ಮೂರು ದಿನವಾದರೂ ಒಬ್ಬನೂ ಪೊರಕೆ ಹಿಡಿದು ಬರುತ್ತಿರಲಿಲ್ಲ. ಅಲ್ಲಿ ಜೋಡಿಸಿದ್ದು ಜೋಡಿಸಿದ ಹಾಗೇ ಇರುತ್ತಿತ್ತು.

"ಯಾರೂ ಬರ್ಬಾರ್ದು ಅಂದ್ರೆ ಇದನ್ನ ಹಾಕ್ಬಿಡಿ ಸಾರ್," ಎಂದು ಬಾಗಿಲ ಹಿಂದಿನಿಂದ ಒಂದು ಬೋರ್ಡು ತೆಗೆದು ಕೊಟ್ಟ. 'ದಯವಿಟ್ಟು ತೊಂದರೆ ಕೊಡಬೇಡಿ.' "ಇದಿದ್ರೆ ಮುಗೀತು. ನಾನು ನೋಡ್ಕೋತೀನಿ."

ಹೊರಗೆ ಹಿಡಿಕೆಗೆ ನೇತುಹಾಕಿ, ಒಳಗೆ ಕುಳಿತು ಮೊದಲಿನಿಂದ ಶುರು ಮಾಡಿದೆ. ಸಾಯಂಕಾಲದ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಆಕಾಶ ಬೇಗ ಬೇಗ ಕೂಡಿಕೊಳ್ಳುತ್ತಿದೆ. ಚೌಕಟ್ಟಿಗೆ ಕೈ ಹಾಕಿಲ್ಲ. ಅದು ನನ್ನ ಕೆಲಸವಲ್ಲ. ಸುತ್ತಲೂ ಯಾವ ಅಂಚೂ ಇಲ್ಲದೆ ನೀಲಿ ಸುಮ್ಮನೆ ಹಾಸಿಗೆಯ ಮೇಲೆ ಹರಡಿಕೊಳ್ಳುತ್ತ ಹೋಗಿದೆ.

ಒಮ್ಮೆ ಹೊರಗೆ ಏನೋ ಸದ್ದಾದಂತಾಯಿತು. ಈ ಕಾರ್ಪೆಟ್ಟಿನ ಮೇಲೆ ಆನೆ ನಡೆದರೂ ಗೊತ್ತಾಗುವುದಿಲ್ಲ. ಎದ್ದು ಬಾಗಿಲವರೆಗೆ ಹೋದೆ. ಯಾರೂ ತಟ್ಟಲಿಲ್ಲ. ವಾಪಸು ಬಂದೆ.

ನವೆಂಬರ್ 8, ಶನಿವಾರ, ಬೆಳಿಗ್ಗೆ

ಒಂಟಿ ಸ್ಪರ್ಧೆ ಮುಗಿಯಿತು. ಕೆಳಗಿನಿಂದ ಮೂರನೆಯವನು. ಎಲ್ಲರಿಗಿಂತ ಮೊದಲು ಆಕಾಶ ಮುಗಿಸಿ, ಎಲ್ಲರೂ ಎದ್ದು ಹೋದ ಮೇಲೂ ಅಂಚು ಹುಡುಕುತ್ತ ಕೂತಿದ್ದೆ.

ಅದೇ ದಿನ, ಮಧ್ಯಾಹ್ನ

ಕಾರ್ಯದರ್ಶಿ ಮೇಡಂ ಅಡ್ಡ ಹಾಕಿದರು.

"ಏನ್ರೀ, ಇಬ್ಬರದೂ ಸಹಿ ಬಂದಿಲ್ಲ. ಚಹಾ ಹೊತ್ತಿಗೆ ಮುಚ್ಚಿಬಿಡ್ತೀನಿ."

"ಅವನು ಬಂದು ಕೇಳಿದ್ನಾ?"

"ಅವನು ಬಂದು 'ಅವರು ಬಂದು ಕೇಳಿದ್ರಾ' ಅಂದ. ನೀವು ಬಂದು 'ಅವನು ಬಂದು ಕೇಳಿದ್ನಾ' ಅಂತೀರಿ. ನಾನೇನು ನಿಮ್ಮಿಬ್ಬರ ಮದುವೆ ಮಾಡಿಸೋಳಾ? ನಾಲ್ಕನೇ ಮಹಡೀಲಿದಾನಂತೆ. ಹೋಗಿ ಕರ್ಕೊಂಡ್ಬನ್ನಿ."

ಲಿಫ್ಟು ಹತ್ತಿ ನಾಲ್ಕು ಒತ್ತಿದೆ. ಕೆಂಪು ದೀಪ. ಕಾರ್ಡು ತಿರುಗಿಸಿ ಹಿಡಿದೆ. ಕೆಂಪು ದೀಪ. ಒಂಬತ್ತು ಒತ್ತಿದೆ, ಹಸಿರು. ನನ್ನ ಜಾಗ ಯಾವುದೆಂದು ಯಂತ್ರಕ್ಕೂ ಗೊತ್ತಿದೆ. ಮೇಲೆ ಬಂದೆ.

ಅವನ ಫೋನ್ ನಂಬರಿದೆ. ಆದರೆ ಫೋನ್ ಮಾಡಿದರೆ ಮೊದಲ ಮಾತು ಏನು? ಮೊದಲ ಮಾತೇ ಬೇಕಾಗುವಂಥ ಜಾಗ ಇದು. ಇಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಬಿಸಿಯಾಗಿ ಬರುತ್ತದೆ.

ಅದೇ ದಿನ, ಆಮೇಲೆ

ಮಂಡಿ ನೋಯುತ್ತಿದೆ, ಆದರೂ ಬರೆದಿಡುತ್ತೇನೆ.

ಸ್ನಾನ ಮಾಡೋಣವೆಂದರೆ ಟವೆಲಿಲ್ಲ. ಬೋರ್ಡು ಹಾಕಿದ್ದಕ್ಕೆ ನಿನ್ನೆಯಿಂದ ಏನೂ ಬಂದಿರಲಿಲ್ಲ. ಬಾಗಿಲು ತೆರೆದೆ. ಕೋಣೆ ಗುಡಿಸುವವ ಕೈಗಾಡಿಯ ಜೊತೆ ಎದುರಿಗೇ ಇದ್ದ.

"ಟವೆಲ್ ಇದೆಯೇನಪ್ಪಾ?"

"ಬೋರ್ಡ್ ಇತ್ತಲ್ಲ ಸಾರ್, ಅದಕ್ಕೇ ಬರ್ಲಿಲ್ಲ. ಒಂದು ನೊಣಾನೂ ಬಿಡ್ಲಿಲ್ಲ ನಾನು." ಮೀಸೆ ಒಂದು ಗೆರೆ ಮೇಲೇರಿತು. "ನಿನ್ನೆ ಸಾಯಂಕಾಲ ಒಬ್ರು ಬಂದಿದ್ರು. ಮೆಟ್ಟಿಲು ಹತ್ಕೊಂಡು. ಉಸಿರು ಅಂದ್ರೆ ಉಸಿರು. ತಟ್ಟೋಕೆ ಕೈ ಎತ್ತಿದ್ರು. ನಾನು ಓಡಿ ಬಂದು ತಡೆದೆ. ಬೋರ್ಡ್ ಓದಿ ಸಾರ್, ಅಂದೆ."

"ಯಾರು?"

"ದಪ್ಪಗೆ ಸಾರ್. ಕಂಕುಳಲ್ಲಿ ಒಂದು ಹಲಗೆ ಇತ್ತು. ಬಡಗಿಯೇನೋ ಅಂದ್ಕೊಂಡೆ."

"ಏನಂದ್ರು?"

"ಬೋರ್ಡ್ ಓದಿದ್ರು. ಹಲಗೆ ಕೆಳಗಿಟ್ಟು ಇನ್ನೊಂದ್ಸಲ ಓದಿದ್ರು. 'ನನಗೇನಾ ಇದು' ಅಂತ ಕೇಳಿದ್ರು. ಎಲ್ಲರಿಗೂ ಸಾರ್, ಅಂದೆ. ಇಳಿದು ಹೋದ್ರು." ಶಹಬ್ಬಾಸ್ ಎನ್ನಲಿ ಎಂದು ಕಾಯುತ್ತಿದ್ದ.

ಬೋರ್ಡು ಕಿತ್ತು ಅವನ ಕೈಗೆ ಕೊಟ್ಟೆ.

"ಒಳಗೆ ಹಾಸಿಗೆ ಮೇಲೆ ಅದು ಇದೆಯಲ್ಲ ಸಾರ್. ಬೋರ್ಡ್ ತೆಗೆದ್ರೆ ನಾನು ಸ್ವಚ್ಛ ಮಾಡ್ಬೇಕಾಗುತ್ತೆ. ನಿಯಮ."

"ಮಾಡು."

ಐದು ಮಹಡಿ ಇಳಿಯುವುದು ಹತ್ತುವುದಕ್ಕಿಂತ ಸುಲಭ ಎನ್ನುವವರಿಗೆ ನನ್ನ ಮಂಡಿಯ ಪರಿಚಯವಿಲ್ಲ. ನಾಲ್ಕನೆಯದಕ್ಕೆ ಬಂದು ಬಾಗಿಲು ತಳ್ಳಿದರೆ ಉದ್ದಕ್ಕೂ ಒಂದೇ ಬಣ್ಣದ, ಒಂದೇ ಅಳತೆಯ ಬಾಗಿಲುಗಳು. ನಂಬರು ಗೊತ್ತಿಲ್ಲ. ಒಂದೇ ನೀಲಿಯ ನೂರು ಚೂರಾದರೆ ನನಗೆ ಭಯವಿಲ್ಲ; ಒಂದೊಂದನ್ನೇ ನೋಡುತ್ತ ಹೊರಟೆ. ಎಲ್ಲ ಮುಚ್ಚಿದ್ದವು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳಲ್ಲವೇ.

ಕೊನೆಯಲ್ಲಿ ಒಂದು ಮಾತ್ರ ಗೇಣಗಲ ತೆರೆದಿತ್ತು. ಮುಚ್ಚದ ಹಾಗೆ ಅಡ್ಡ ಒಂದು ಹಲಗೆ ಕೊಟ್ಟಿದ್ದರು. ಅದರ ಮೂಲೆಯಲ್ಲಿ ಹಳೇ ಲಾಡ್ಜಿನಲ್ಲಿ ಚಹಾ ಲೋಟ ಇಟ್ಟು ಇಟ್ಟು ಆದ ಉಂಗುರದ ಗುರುತುಗಳು.

ಸಂದಿಯಿಂದ ನೋಡಿದೆ. ಅಂಚು ನೆಲದ ಮೇಲೆ ಕುಳಿತು ಒಂದು ಖಾಲಿ ಚೌಕಟ್ಟು ಕಟ್ಟಿಟ್ಟುಕೊಂಡಿದ್ದ. ಮಧ್ಯದಲ್ಲಿ ಏನೂ ಇಲ್ಲ. ನೀಲಿ ಚೂರುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಟ್ಟಿದ್ದ.

"ಏನಿವ್ರೇ," ಅಂದೆ ನಾನು.

ತಲೆ ಎತ್ತಿದ. ಕೈಯಲ್ಲಿದ್ದ ಚೂರನ್ನು ಗುಡ್ಡೆಗೆ ಎಸೆದ.

"ಮನುಷ್ಯರೇನ್ರೀ ನೀವು? ಹಾಲಿಗೆಲ್ಲ ಕೇಳೋ ಹಾಗೆ ರೂಮ್ ನಂಬರ್ ಕೂಗೋದು, ಒಂಬತ್ತನೇ ಮಹಡಿಗೆ ಹತ್ತಿಸೋದು, ಹತ್ತಿದ ಮೇಲೆ ಬೋರ್ಡ್ ತೋರಿಸೋದು."

"ಅದು ನಿನಗೆ ಹಾಕಿದ್ದಲ್ಲ ಮಾರಾಯ. ಹಾಸಿಗೆಗೆ."

"ಅಕ್ಕ ಹೋದ ಮೇಲೆ ಆ ಹಾಸಿಗೆಗೆ ಬೋರ್ಡ್ ಬೇರೆ ಬೇಕಾ?"

ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ನನಗೆ ಮೊದಲು ಕೆಮ್ಮು ಬಂತು, ಆಮೇಲೆ ನಗು. ನಗುತ್ತ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ಜೂನ್ ತಿಂಗಳಿಂದ ಎಲ್ಲರೂ ನನ್ನ ಹತ್ತಿರ ತಗ್ಗಿದ ದನಿಯಲ್ಲೇ ಮಾತಾಡಿದ್ದಾರೆ.

"ಏನಂತ ಕರೀಬೇಕು ಅಂತ ಗೊತ್ತಾಗ್ಲಿಲ್ಲ ನನಗೆ," ಅಂದ ಅವನು, ಚೂರುಗಳನ್ನು ನೋಡುತ್ತ. "ಫೋನ್ ಎತ್ತೋದು, ಇಡೋದು. ಕೊನೆಗೆ ಅಕ್ಕನ್ನೇ ಕೇಳ್ದೆ."

"ಏನಂದ್ಲು?"

"'ಅವರು ನನಗೇನೂ ಅಲ್ಲ. ನಿನಗೆ ಏನು ಅಂತ ನೀನೇ ನೋಡ್ಕೋ' ಅಂದ್ಲು."

"ನೋಡ್ಕೊಂಡ್ಯಾ?"

ಅವನು ಮಂಡಿಯ ಮೇಲೆ ಕೈಯೂರಿ, ನರಳಿ, ಎದ್ದು ಬಂದ. "ಕಾಲು ಸ್ವಲ್ಪ ಈಚೆ ಇಡಿ ಭಾವ. ಹಲಗೆ ತೆಗೀತೀನಿ, ಬಾಗಿಲು ಬಡಿಯುತ್ತೆ."

ಅವನ ಮಂಡಿಯೂ ಹೋಗಿದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಈ ಮೈ ಹೊತ್ತುಕೊಂಡು ಎಷ್ಟು ದಿನ ಅಂತ ನಡೀತಾನೆ. ಊರಿಗೆ ಹೋದ ಮೇಲೆ ಯಾರಾದರೂ ವೈದ್ಯರಿಗೆ ತೋರಿಸು ಎಂದು ಗಟ್ಟಿಯಾಗಿ ಹೇಳಬೇಕು.

ಚಹಾ ಮುಗಿದು ಲೋಟ ಎತ್ತುತ್ತಿದ್ದಾಗ ಹೋಗಿ ಸಹಿ ಹಾಕಿದೆವು. ಮೇಡಂ ಗಡಿಯಾರ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಬೇಗ ನನ್ನ ಕೋಣೆಗೇ ಬಂದ, ಮತ್ತೆ ಮೆಟ್ಟಿಲು ಹತ್ತಿಕೊಂಡು, ಹಲಗೆಯ ಸಮೇತ. ನನ್ನ ಕಾರ್ಡು ಹಿಡಿದು ಲಿಫ್ಟಿನಲ್ಲಿ ಕರೆತರುತ್ತೇನೆ ಎಂದರೆ ಕೇಳಬೇಕಲ್ಲ. ಮಂಚದಿಂದ ಕುರ್ಚಿಗೆ ಹಲಗೆ ಹಾಕಿ ಅಭ್ಯಾಸಕ್ಕೆ ಕೂತೆವು. ಇವನು ಚಹಾ ಕುಡಿಯುವಾಗ ಮಾಡುವ ಸದ್ದಿಗೆ ಇಡೀ ಲಾಡ್ಜು ಏಳುತ್ತಿತ್ತು. ಇಲ್ಲಿನ ಗೋಡೆ ಗಟ್ಟಿ, ಪಕ್ಕದವರು ಬದುಕಿದರು.

ಸ್ಪರ್ಧೆಯಲ್ಲಿ ಆರನೆಯ ಸ್ಥಾನ. ಚಿತ್ರದಲ್ಲಿ ಆಕಾಶವೇ ಇರಲಿಲ್ಲ, ಪೂರ್ತಿ ಇಟ್ಟಿಗೆ ಗೋಡೆ. "ನಿಮ್ಮನ್ನ ಕಟ್ಕೊಂಡು ಇಟ್ಟಿಗೆ ಹೊರೋ ಹಾಗಾಯ್ತು," ಎಂದು ದಾರಿಯುದ್ದಕ್ಕೂ ಬೈದ. ಮುಂದಿನ ವರ್ಷವೂ ಇದೇ ಹೋಟೆಲಂತೆ. ಇಬ್ಬರಿಗೂ ಒಂದೇ ಕೋಣೆ ಹೇಳಿಬಿಟ್ಟೆವು.

ಪೆಟ್ಟಿಗೆ ಕಟ್ಟಲು ಮೇಲೆ ಬಂದೆ. ಕೋಣೆ ಗುಡಿಸುವವ ತನ್ನ ಕೆಲಸ ಮುಗಿಸಿ ಹೋಗಿದ್ದ. ಹೊದಿಕೆ ನೆಟ್ಟಗೆ, ದಿಂಬಿನ ಪಕ್ಕದಲ್ಲಿ ಡಬ್ಬ, ಬೆಳಿಗ್ಗೆ ಜೋಡಿಸಿದ್ದೆಲ್ಲ ಮತ್ತೆ ಒಳಗೆ. ಕರೆದು ಬೈಯುವಷ್ಟು ಪುರಸೊತ್ತಿರಲಿಲ್ಲ. ಕೆಳಗೆ ಅಂಚು ಟ್ಯಾಕ್ಸಿಯವನ ಜೊತೆ ಹಲಗೆಯ ವಿಷಯಕ್ಕೆ ಜಗಳ ಆಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ನಾವು ಕುಡಿದಿಟ್ಟ ಎರಡು ಲೋಟಗಳನ್ನೂ ತೊಳೆದು ಬೋರಲು ಹಾಕಿದ್ದ. ಡಬ್ಬದ ಮೇಲೆ ಈ ಸಲ ಎರಡು ಚಾಕೊಲೇಟು ಇಟ್ಟಿದ್ದ. ಎರಡನ್ನೂ ಜೇಬಿಗೆ ಹಾಕಿಕೊಂಡು ಇಳಿದೆ.